ಮರಗೆಣಸಿನ ಹಿಟ್ಟಿನಿಂದ ಸಯನೈಡ್ ಇಳಿಸುವುದು ಹೇಗೆ: ಕೊಂಜೋ ತಡೆಯುವ ನೀರಿನ ವಿಧಾನ

ನಿನ್ನೆ ಓಡಾಡಿಕೊಂಡಿದ್ದ ಮಗುವಿನ ಎರಡೂ ಕಾಲು ಇಂದು ಬೆಳಗಾಗುವಷ್ಟರಲ್ಲಿ ಸೆಟೆದು ನಿಲ್ಲುತ್ತವೆ. ಜ್ವರವಿಲ್ಲ, ಗಾಯವಿಲ್ಲ. ಆ ಸೆಟೆತ ಮುಂದೆ ಹೆಚ್ಚುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ. ಮೆದುಳಿನಿಂದ ಬೆನ್ನುಹುರಿಗೆ ಆಜ್ಞೆ ಒಯ್ಯುವ ನರಕೋಶಗಳಿಗೆ ಆದ ಈ ಹಾನಿಗೆ ಕೊಂಜೋ ಎಂದು ಹೆಸರು. 1938ರಲ್ಲಿ ಇಟಲಿಯ ವೈದ್ಯ ಜಿಯೊವಾನಿ ಟ್ರೊಲ್ಲಿ ಆಗಿನ ಬೆಲ್ಜಿಯನ್ ಕಾಂಗೋದಲ್ಲಿ ಇದನ್ನು ಮೊದಲು ದಾಖಲಿಸಿದರು. 1981ರಲ್ಲಿ ಮೊಜಾಂಬಿಕ್‌ನ ನಂಪುಲಾ ಪ್ರಾಂತದಲ್ಲಿ, ಬರದ ನಡುವೆ, ಸಾವಿರಕ್ಕೂ ಹೆಚ್ಚು ಜನ ಇದಕ್ಕೆ ತುತ್ತಾದರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಕಾಂಗೋ, ಮೊಜಾಂಬಿಕ್, ಟಾಂಜಾನಿಯಾ, ಮಧ್ಯ ಆಫ್ರಿಕಾ ಗಣರಾಜ್ಯ, ಕ್ಯಾಮರೂನ್, ಅಂಗೋಲಾ: ಕಹಿ ಮರಗೆಣಸನ್ನೇ ನಂಬಿ ಬದುಕುವ, ಅದರ ಜೊತೆಗೆ ಬೇಳೆಕಾಳು, ಮೀನು, ಮಾಂಸ ಸಿಗದ ಹಳ್ಳಿಗಳಲ್ಲಿ ಇದು ಇಂದಿಗೂ ಇದೆ.

ಸರಿಯಾಗಿ ಹದಮಾಡದ ಕಹಿ ಮರಗೆಣಸಿನಲ್ಲಿ ಉಳಿಯುವ ಸಯನೈಡ್ ವಿಷವೇ ಇದರ ಮೂಲ. ಇದಕ್ಕೆ ಔಷಧವಿಲ್ಲ. ತಡೆಯಬಹುದು ಮಾತ್ರ, ಮತ್ತು ತಡೆಯಲು ಬೇಕಾದದ್ದು ಒಂದು ಬೇಸಿನ್, ನೀರು, ಒಂದು ಚಾಪೆ, ಎರಡು ಗಂಟೆಯ ಬಿಸಿಲು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ರಸಾಯನ ವಿಜ್ಞಾನಿ ಹೊವಾರ್ಡ್ ಬ್ರಾಡ್‌ಬರಿ ಈ ವಿಧಾನವನ್ನು ರೂಪಿಸಿ 2006ರಲ್ಲಿ ಪ್ರಕಟಿಸಿದರು. ಕಾಂಗೋದ ರಾಷ್ಟ್ರೀಯ ಪೋಷಣಾ ಕಾರ್ಯಕ್ರಮದ ಜ್ಯಾಂ-ಪಿಯೆರ್ ಬನೇಯಾ ಮತ್ತು ಸಂಗಡಿಗರು ಅದನ್ನು ಹಳ್ಳಿಗೆ ಒಯ್ದರು. ಆಫ್ರಿಕಾದಲ್ಲಿ ಆರೋಗ್ಯ, ಕೃಷಿ, ಪರಿಹಾರ ಕೆಲಸದಲ್ಲಿರುವವರಿಗೆ, ಆಹಾರ ವಿಜ್ಞಾನ ಓದುವವರಿಗೆ ಮತ್ತು ಮರಗೆಣಸು ಬೇಯಿಸುವ ನಮ್ಮ ಕರಾವಳಿ, ಮಲೆನಾಡಿನ ಮನೆಗಳಿಗೆ ಆ ವಿಧಾನದ ವಿವರ ಇಲ್ಲಿದೆ.

ವಿಷ ಎಲ್ಲಿಂದ ಬರುತ್ತದೆ

ಇದಿಷ್ಟು ಗೊತ್ತಿಲ್ಲದೆ ವಿಧಾನ ಕೈಗೆ ಹತ್ತುವುದಿಲ್ಲ. ಪ್ರತಿ ಹೆಜ್ಜೆಯ ಕಾರಣವೂ ಇಲ್ಲೇ ಇದೆ.

ಮರಗೆಣಸಿನ ಜೀವಕೋಶದೊಳಗೆ ಲಿನಮರಿನ್ ಎಂಬ ಸಂಯುಕ್ತ ಇರುತ್ತದೆ. ಅದನ್ನು ಒಡೆಯುವ ಲಿನಮರೇಸ್ ಎಂಬ ಕಿಣ್ವ ಕೋಶದ ಗೋಡೆಯಲ್ಲಿ ಪ್ರತ್ಯೇಕವಾಗಿ ಕೂತಿರುತ್ತದೆ. ಗೆಡ್ಡೆ ಇಡಿಯಾಗಿರುವಷ್ಟು ಕಾಲ ಎರಡೂ ಕೂಡುವುದಿಲ್ಲ. ತುರಿದಾಗ, ಜಜ್ಜಿದಾಗ, ನೆನೆದು ಮೆತ್ತಗಾದಾಗ ಕೂಡುತ್ತವೆ. ಲಿನಮರಿನ್ ಒಡೆದು ಅಸಿಟೋನ್ ಸಯನೋಹೈಡ್ರಿನ್ ಆಗುತ್ತದೆ, ಅದು ಒಡೆದು ಹೈಡ್ರೋಜನ್ ಸಯನೈಡ್ ಅನಿಲವಾಗುತ್ತದೆ. ಈ ಅನಿಲ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವಂಥದ್ದು. ದಾರಿ ಸಿಕ್ಕರೆ ಗಾಳಿಗೆ ಹೊರಟುಹೋಗುತ್ತದೆ.

ಅಂದರೆ ಮೂರು ಷರತ್ತುಗಳು. ಕೋಶ ಒಡೆದಿರಬೇಕು, ಕಿಣ್ವ ಕೆಲಸ ಮಾಡಲು ನೀರಿರಬೇಕು, ಹುಟ್ಟಿದ ಅನಿಲ ಹೊರಬೀಳಲು ತೆಳ್ಳಗೆ ಹರಡಿರಬೇಕು. ಬಿಸಿಲಿಗೆ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಮೊದಲನೆಯದು ಆಗಿಹೋಗಿರುತ್ತದೆ. ಕಿಣ್ವವೂ ಸಾಯದೆ ಉಳಿದಿರುತ್ತದೆ. ಆದರೆ ನೀರು ಆರಿದ ಕಾರಣ ಅದು ನಿಂತುಬಿಟ್ಟಿರುತ್ತದೆ, ಒಡೆಯದ ಲಿನಮರಿನ್ ಹಿಟ್ಟಿನಲ್ಲೇ ಉಳಿಯುತ್ತದೆ. ನೀರು ಕೊಟ್ಟು ಆ ಕಿಣ್ವವನ್ನು ಮತ್ತೆ ಎಬ್ಬಿಸುವುದೇ ನೀರಿನ ವಿಧಾನ.

ಕುದಿಸಿದರೆ ಎಲ್ಲ ಹೋಗುತ್ತದೆ ಎಂಬ ನಂಬಿಕೆ ಅಪಾಯದ್ದು. ಲಿನಮರಿನ್ ಕುದಿಯುವ ನೀರಿನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಕಾವಿಗೆ ಮೊದಲು ಸಾಯುವುದು ಅದನ್ನು ಒಡೆಯಬೇಕಾದ ಕಿಣ್ವ. ಹಿಟ್ಟನ್ನು ನೇರವಾಗಿ ಕುದಿನೀರಿಗೆ ಹಾಕಿ ಮುದ್ದೆ ತೊಳಸಿದರೆ ವಿಷ ಹೊಟ್ಟೆಗೇ ಹೋಗುತ್ತದೆ.

ದೇಹಕ್ಕೂ ತನ್ನದೇ ದಾರಿಯಿದೆ. ಸಯನೈಡಿಗೆ ಗಂಧಕದ ಪರಮಾಣು ಸೇರಿಸಿ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಗಂಧಕ ಬರುವುದು ಪ್ರೋಟೀನಿನ ಮೆಥಿಯೊನಿನ್ ಮತ್ತು ಸಿಸ್ಟೀನ್‌ಗಳಿಂದ. ಮರಗೆಣಸಿನ ಹಿಟ್ಟಿನಲ್ಲಿ ಪ್ರೋಟೀನು ನೂರಕ್ಕೆ ಒಂದೆರಡು ಪಾಲು ಮಾತ್ರ. ದಿನವೂ ಅದನ್ನೇ ತಿನ್ನುವ ಮನೆಯಲ್ಲಿ ವಿಷ ಹೆಚ್ಚು, ಅದನ್ನು ಕಳೆಯುವ ಸಾಮಗ್ರಿ ಕಡಿಮೆ. ಕೊಂಜೋ ಹುಟ್ಟುವುದು ಈ ಎರಡೂ ಕೂಡುವ ಜಾಗದಲ್ಲಿ.

ಕಹಿ ಗೆಡ್ಡೆ ಬಿಡಿ ಎಂದರೆ ಸಾಲದು

ಹೊರಗಿನಿಂದ ಬಂದವರು ಮೊದಲು ಹೇಳುವ ಮಾತು ಸಿಹಿ ತಳಿ ಬೆಳೆಯಿರಿ ಎಂಬುದು. ರೈತರು ಕಹಿ ತಳಿ ಹಿಡಿದುಕೊಂಡಿರುವುದಕ್ಕೆ ಗಟ್ಟಿ ಕಾರಣಗಳಿವೆ. ಕೋತಿ, ಹಂದಿ, ಕಳ್ಳರು ಅದರ ತಂಟೆಗೆ ಬರುವುದು ಕಡಿಮೆ. ಬಡ ಮಣ್ಣಿನಲ್ಲೂ ಬರುತ್ತದೆ, ನೆಲದೊಳಗೇ ವರ್ಷಕ್ಕೂ ಮೇಲೆ ಬಿಟ್ಟು ಬೇಕಾದಾಗ ಕೀಳಬಹುದು. ಮಿಕ್ಕೆಲ್ಲ ಬೆಳೆ ಒಣಗಿದ ವರ್ಷ ಮನೆ ಉಳಿಸುವುದು ಅದೇ. ಮೇಲಾಗಿ ಬರ ಬಿದ್ದಾಗ ಎಲ್ಲ ತಳಿಗಳಲ್ಲೂ ಸಯನೈಡ್ ಏರುತ್ತದೆ. ತಳಿ ಬದಲಿಸುವ ಕೆಲಸ ನಿಧಾನವಾಗಿ ನಡೆಯಲಿ, ಬೇಡವೆನ್ನುವುದಿಲ್ಲ. ಈ ಸಂಜೆ ಬೇಯುವ ಹಿಟ್ಟನ್ನು ಸರಿಮಾಡುವುದು ಬೇರೆಯೇ ಕೆಲಸ, ಅದು ಮೊದಲು ಆಗಬೇಕು.

ಹಿಟ್ಟಾಗುವ ಮುನ್ನ

ನೀರಿನ ವಿಧಾನ ಸಯನೈಡನ್ನು ಮೂರರಿಂದ ಆರು ಪಟ್ಟು ಇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆ ಸೇರಿ ಹಿಟ್ಟಿಗೆ ಇಟ್ಟ ಮಿತಿ ಕಿಲೋಗೆ 10 ಮಿಲಿಗ್ರಾಂ, ಅಂದರೆ 10 ಪಿಪಿಎಂ. ಶುರುವಿನಲ್ಲಿ 40 ಪಿಪಿಎಂ ಇದ್ದರೆ ಈ ಮಿತಿಯ ಆಸುಪಾಸಿಗೆ ಬರುತ್ತದೆ. ಬರದ ವರ್ಷ 100 ದಾಟಿದ ಹಿಟ್ಟು ಬರುವುದಿಲ್ಲ. ಆದ್ದರಿಂದ ಹಿಟ್ಟಾಗುವ ಮುಂಚಿನ ಕೆಲಸವನ್ನೂ ಬಿಗಿಯಾಗಿ ಮಾಡಬೇಕು.

ಸಿಪ್ಪೆಯಲ್ಲಿ ವಿಷ ಹೆಚ್ಚು. ಮೇಲಿನ ಕಂದು ಪೊರೆ ಕೆರೆದರೆ ಸಾಲದು, ಅದರಡಿಯ ದಪ್ಪ ಪದರವನ್ನೂ ಸುಲಿದು ತೆಗೆಯಬೇಕು.

ಕಾಂಗೋದ ಪದ್ಧತಿ ಗೆಡ್ಡೆಯನ್ನು ಕೆರೆ, ಹೊಳೆ, ಪೀಪಾಯಿಯ ನೀರಿನಲ್ಲಿ ಮೂರು ನಾಲ್ಕು ರಾತ್ರಿ ನೆನೆಹಾಕುವುದು. ಇದು ಒಳ್ಳೆಯ ಪದ್ಧತಿ, ಪೂರ್ತಿ ಮಾಡಿದರೆ ವಿಷದ ಬಹುಪಾಲು ಇಲ್ಲೇ ಹೋಗುತ್ತದೆ. ಮುಗಿದಿದೆ ಎಂಬ ಗುರುತು ದಿನದ ಲೆಕ್ಕದಲ್ಲಲ್ಲ, ಗೆಡ್ಡೆಯಲ್ಲಿದೆ: ಬೆರಳಿಂದ ಒತ್ತಿದರೆ ಒಡೆಯಬೇಕು, ನಡುವಿನ ನಾರು ಎಳೆದರೆ ಸಲೀಸಾಗಿ ಬರಬೇಕು. ಚಳಿ ಇದ್ದಾಗ ಒಂದು ದಿನ ಹೆಚ್ಚು ಹಿಡಿಯುತ್ತದೆ.

ಈ ಹೆಜ್ಜೆಯನ್ನು ಕತ್ತರಿಸಿದ್ದರಿಂದಲೇ ಕಾಂಗೋದ ಆಗಿನ ಬಂಡುಂಡು ಪ್ರಾಂತದಲ್ಲಿ ಕೊಂಜೋ ಹೆಚ್ಚಿತು. ರಾಜಧಾನಿ ಕಿನ್ಶಾಸಾಗೆ ಒಳ್ಳೆಯ ರಸ್ತೆಯಾಯಿತು, ಮರಗೆಣಸು ಮಾರುವ ಸರಕಾಯಿತು, ಮೂರು ರಾತ್ರಿ ನೆನೆಯಬೇಕಾದದ್ದನ್ನು ಒಂದೇ ರಾತ್ರಿಗೆ ತೆಗೆಯತೊಡಗಿದರು. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್, ಥೋರ್ಕಿಲ್ಡ್ ಟಿಲೆಸ್ಕೇರ್ ಮತ್ತು ಬನೇಯಾ ಅವರ ಕೆಲಸದಿಂದ ಇದು ಹೊರಬಂತು. ಆ ಹೆಂಗಸರಿಗೆ ನೆನೆಹಾಕುವುದು ಬರುತ್ತಿರಲಿಲ್ಲವೆಂದಲ್ಲ, ತಲೆಮಾರುಗಳಿಂದ ಬಂದ ವಿದ್ಯೆ ಅದು. ಅವರ ಕೈಯಲ್ಲಿ ಸಮಯ ಉಳಿಯಲಿಲ್ಲ. ಸಲಹೆ ಕೊಡುವವರು ಇದನ್ನು ಮರೆಯಬಾರದು.

ನೀರಿಲ್ಲದ ಕಡೆ, ಮೊಜಾಂಬಿಕ್‌ನ ಒಣ ಭಾಗಗಳಲ್ಲಿ, ಸುಲಿದ ಗೆಡ್ಡೆಯನ್ನು ನೇರ ಬಿಸಿಲಿಗೆ ಒಣಗಿಸಿ ಕುಟ್ಟುತ್ತಾರೆ. ಇದು ಎಲ್ಲಕ್ಕಿಂತ ದುರ್ಬಲ ದಾರಿ. ಮೊದಲಿದ್ದ ಸಯನೈಡಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹಿಟ್ಟಿನಲ್ಲೇ ಉಳಿಯುತ್ತದೆ. ಗೆಡ್ಡೆಯನ್ನು ರಾಶಿ ಹಾಕಿ ಮುಚ್ಚಿ ಮೂರು ನಾಲ್ಕು ದಿನ ಬೂಷ್ಟು ಬರಿಸಿ, ಬೂಷ್ಟು ಕೆರೆದು ಒಣಗಿಸುವ ಪದ್ಧತಿ ಇದಕ್ಕಿಂತ ವಾಸಿ, ಉಳಿಯುವುದು ಅದರ ಅರ್ಧದಷ್ಟು. ಪಶ್ಚಿಮ ಆಫ್ರಿಕಾದಲ್ಲಿ ಗಾರಿ ಎಂಬ ಆಹಾರ ಮಾಡಲು ಗೆಡ್ಡೆಯನ್ನು ತುರಿದು, ಹುಳಿ ಬರಿಸಿ, ಹಿಂಡಿ, ಹುರಿಯುತ್ತಾರೆ. ತುರಿಯುವಾಗಲೇ ಕೋಶಗಳು ಪೂರ್ತಿ ಒಡೆಯುವುದು ಅದರ ಬಲ.

ನೀರಿನ ವಿಧಾನ, ಹೆಜ್ಜೆ ಹೆಜ್ಜೆಯಾಗಿ

ಒಂದು ಹೊತ್ತಿನ ಅಡುಗೆಗೆ ಬೇಕಾದ ಹಿಟ್ಟನ್ನು ಮಾತ್ರ ತೆಗೆದುಕೊಳ್ಳಿ. ಜರಡಿ ಹಿಡಿದು ದಪ್ಪ ನುಚ್ಚನ್ನು ಬೇರೆ ಮಾಡಿ. ನುಚ್ಚಿನ ಒಳಗೆ ನೀರು ಇಳಿಯುವುದಿಲ್ಲ. ಆ ನುಚ್ಚನ್ನು ಮತ್ತೆ ಕುಟ್ಟಿ ಸೇರಿಸಿ.

ಹಿಟ್ಟನ್ನು ಬೇಸಿನ್ನಿಗೆ ಹಾಕಿ ಮೇಲ್ಭಾಗ ಸಮ ಮಾಡಿ. ಹಿಟ್ಟು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಬೇಸಿನ್ನಿನ ಒಳಗೋಡೆಯ ಮೇಲೆ ಇದ್ದಿಲಿನಿಂದಲೋ ಪೆನ್ನಿನಿಂದಲೋ ಗುರುತು ಮಾಡಿ. ಅಳತೆಯ ಪಾತ್ರೆ, ತಕ್ಕಡಿ ಯಾವುದೂ ಬೇಡ. ಈ ಗೀಟೇ ಅಳತೆ.

ಈಗ ತಣ್ಣೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕೈಯಿಂದ ಕಲಸಿ. ನೀರು ಬಿದ್ದಂತೆ ಹಿಟ್ಟಿನೊಳಗಿನ ಗಾಳಿ ಹೊರಬಂದು ಮಟ್ಟ ಮೊದಲು ಕೆಳಗಿಳಿಯುತ್ತದೆ. ಗಾಬರಿ ಬೇಡ, ನೀರು ಹಾಕುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ಮಟ್ಟ ಮೇಲೇರತೊಡಗುತ್ತದೆ. ಮೊದಲಿನ ಗೀಟಿಗೆ ಬಂದು ಮುಟ್ಟಿದ ತಕ್ಷಣ ನಿಲ್ಲಿಸಿ. ಗಂಟುಗಳಿದ್ದರೆ ಬೆರಳಲ್ಲಿ ಒಡೆಯಿರಿ, ಒಣ ಹಿಟ್ಟು ತಳದಲ್ಲಿ ಉಳಿಯದಂತೆ ಮಗುಚಿ. ಹಿಟ್ಟಿನ ಕಣ ಕಣವೂ ಒದ್ದೆಯಾಗಿರಬೇಕು, ನೀರು ಬಸಿದು ನಿಲ್ಲಬಾರದು.

ನಂತರ ಚಾಪೆ, ತಟ್ಟೆ ಅಥವಾ ಶುಭ್ರವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ. ದಪ್ಪ 1 ಸೆಂಟಿಮೀಟರ್ ಮೀರಬಾರದು. ಬೇಸಿನ್ನಿನಲ್ಲಿ 4 ಲೀಟರ್ ಮಟ್ಟಕ್ಕೆ ಹಿಟ್ಟಿದ್ದರೆ ಈ ದಪ್ಪಕ್ಕೆ ಹರಡಲು ಉದ್ದ ಅಗಲ ಎರಡೂ ಸುಮಾರು 65 ಸೆಂಟಿಮೀಟರ್ ಇರುವ ಜಾಗ ಬೇಕು. ಚಾಪೆ ದೊಡ್ಡದಿದ್ದರೆ ಇನ್ನೂ ತೆಳ್ಳಗೆ ಹರಡಿ, ಒಳ್ಳೆಯದೇ. ಬಿಸಿಲಿನಲ್ಲಿ 2 ಗಂಟೆ ಬಿಡಿ. ಮೋಡ, ಮಳೆ ಇದ್ದರೆ ಸೂರಿನಡಿ ಗಾಳಿಯಾಡುವ ಕಡೆ 5 ಗಂಟೆ. ಕೋಳಿ, ಆಡು ಬಾಯಿ ಹಾಕದಂತೆ ಯಾರಾದರೂ ನೋಡಿಕೊಳ್ಳಬೇಕು.

ಆಮೇಲೆ ಅದೇ ದಿನ ಬೇಯಿಸಬೇಕು. ಕುದಿಯುವ ನೀರಿಗೆ ಹಾಕಿ ತೊಳಸಿ, ನಮ್ಮ ರಾಗಿಮುದ್ದೆಯಂತೆ ಗಟ್ಟಿ ಮಾಡುವುದು ಅಲ್ಲಿನ ರೂಢಿ. ಹಿಟ್ಟಿನಲ್ಲಿ ಆಗಲೇ ನೀರಿರುವುದರಿಂದ ಎಸರು ಎಂದಿಗಿಂತ ಕಡಿಮೆ ಇಡಬೇಕು. ಎಂದಿನಷ್ಟೇ ಇಟ್ಟರೆ ಮುದ್ದೆ ಅಂಬಲಿಯಾಗುತ್ತದೆ, ಮನೆಯವರು ಈ ವಿಧಾನವೇ ಸರಿಯಿಲ್ಲ ಎನ್ನುತ್ತಾರೆ. ಮೊದಲ ದಿನ ಕಲಿಸುವಾಗಲೇ ಇದನ್ನು ಒತ್ತಿ ಹೇಳಬೇಕು. ಕಹಿ ಇಳಿಯುವುದರಿಂದ ಮುದ್ದೆಯ ರುಚಿ ಹೆಚ್ಚುತ್ತದೆ. ರೋಗದ ಭಯಕ್ಕಿಂತ ಈ ರುಚಿಯೇ ಎಷ್ಟೋ ಮನೆಗಳನ್ನು ಒಲಿಸುತ್ತದೆ.

ಎಲ್ಲಿ ಕೆಡುತ್ತದೆ

ಬಿಸಿನೀರು ಹಾಕುವುದು ಮೊದಲ ತಪ್ಪು. ಬಿಸಿಯಾದರೆ ಬೇಗ ಕೆಲಸವಾದೀತು ಎಂದು ಅನ್ನಿಸುವುದು ಸಹಜ. ಕೈ ಸುಡುವ ನೀರು ಕಿಣ್ವವನ್ನು ಕೊಲ್ಲುತ್ತದೆ, ಅಲ್ಲಿಂದ ಮುಂದೆ ಎಷ್ಟು ಹೊತ್ತು ಬಿಸಿಲಿಗಿಟ್ಟರೂ ವ್ಯರ್ಥ. ಇದೇ ಕಾರಣಕ್ಕೆ ಬೇಯಿಸಿ ಒಣಗಿಸಿದ ಅಥವಾ ಹುರಿದ ಗೆಡ್ಡೆಯ ಹಿಟ್ಟಿಗೆ ಈ ವಿಧಾನ ಹೊಂದುವುದಿಲ್ಲ.

ಬೇಸಿನ್ನಿನಲ್ಲೇ ಬಿಡುವುದು ಇನ್ನೊಂದು. ಹರಡಲು ಚಾಪೆಯಿಲ್ಲ, ಜಾಗವಿಲ್ಲ, ಮಳೆ ಬರುವಂತಿದೆ. ಹೀಗಾಗಿ ಕಲಸಿ ಮುಚ್ಚಿಟ್ಟುಬಿಡುತ್ತಾರೆ. ಲಿನಮರಿನ್ ಒಡೆಯುತ್ತದೆ, ಆದರೆ ಅನಿಲ ರಾಶಿಯೊಳಗೇ ಸಿಕ್ಕಿಬೀಳುತ್ತದೆ. ಚಾಪೆ ಮನೆಯಲ್ಲಿದ್ದರೆ ತಾನೇ ಹರಡುವುದು? ಹಾಗಾಗಿ ಕಾರ್ಯಕ್ರಮ ನಡೆಸುವವರು ಉಪದೇಶದ ಜೊತೆ ಚಾಪೆಯನ್ನೂ ಕೊಡಬೇಕು.

ನೀರು ಕಡಿಮೆಯಾದರೆ ಒಣ ಕಣಗಳೊಳಗಿನ ಕಿಣ್ವ ಏಳುವುದಿಲ್ಲ. ಹೆಚ್ಚಾದರೆ ಹಿಟ್ಟು ಗೊಜ್ಜಾಗಿ ಅನಿಲ ಹೊರಬರುವುದು ನಿಧಾನವಾಗುತ್ತದೆ, ಮುದ್ದೆಯೂ ಕೆಡುತ್ತದೆ. ಗೀಟು ನೋಡಿ ಹಾಕಿದರೆ ಎರಡೂ ಆಗುವುದಿಲ್ಲ.

ಒದ್ದೆ ಹಿಟ್ಟನ್ನು ನಾಳೆಗೆ ಇಡಬಾರದು. ಹುಳಿ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ವಾರಕ್ಕಾಗುವಷ್ಟು ಒಮ್ಮೆಗೇ ಮಾಡಿ ಒಣಗಿಸಿಡುತ್ತೇವೆ ಎನ್ನುವವರಿಗೆ ದಿನದಿನದ ಅಡುಗೆಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿ.

ಕಟ್ಟಕಡೆಯ ತಪ್ಪು ಅವಸರದ್ದು. ಹೊಲದಿಂದ ಕತ್ತಲಾದ ಮೇಲೆ ಬರುವ ತಾಯಿಗೆ ಎರಡು ಗಂಟೆ ಬಿಸಿಲು ಎಲ್ಲಿಂದ ಬರಬೇಕು? ಅವಳ ದಿನಚರಿ ಕೇಳಿ ತಿಳಿದು ಅದರೊಳಗೆ ಜಾಗ ಹುಡುಕಬೇಕು. ಬೆಳಿಗ್ಗೆ ಹೊರಡುವ ಮುನ್ನ ಕಲಸಿ ಸೂರಿನಡಿ ಹರಡಿದರೆ 5 ಗಂಟೆಯ ನೆರಳಿನ ಲೆಕ್ಕ ತಾನಾಗಿಯೇ ಮುಗಿಯುತ್ತದೆ. ಮನೆಯಲ್ಲಿರುವ ಅಜ್ಜಿಯೋ ಶಾಲೆಯಿಂದ ಮಧ್ಯಾಹ್ನ ಬರುವ ಹುಡುಗಿಯೋ ಹುಡುಗನೋ ಕಲಸಬಲ್ಲರು.

ಅಳೆದು ನೋಡುವುದು

ಕಣ್ಣು, ಮೂಗು, ನಾಲಗೆಯನ್ನು ನಂಬಿ ಹಿಟ್ಟು ಸುರಕ್ಷಿತ ಎನ್ನಲಾಗದು. ಇದಕ್ಕೆ ಬ್ರಾಡ್‌ಬರಿ ತಂಡವೇ ಪಿಕ್ರೇಟ್ ಕಾಗದದ ಸರಳ ಪರೀಕ್ಷೆಯನ್ನು ಕಿಟ್ ರೂಪದಲ್ಲಿ ಮಾಡಿತ್ತು. ತಳ ಚಪ್ಪಟೆಯಾದ ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಿಣ್ವ ಮತ್ತು ಬಫರ್ (ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿಡುವ ರಾಸಾಯನಿಕ) ಲೇಪಿಸಿದ ಕಾಗದದ ಬಿಲ್ಲೆ ಇಟ್ಟು, 100 ಮಿಲಿಗ್ರಾಂ ಹಿಟ್ಟು ಹಾಕಿ, ಸ್ವಲ್ಪ ನೀರು ಸೇರಿಸಬೇಕು. ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಹಳದಿ ಪಿಕ್ರೇಟ್ ಕಾಗದವನ್ನು ಹಿಟ್ಟಿಗೆ ತಾಗದಂತೆ ನಿಲ್ಲಿಸಿ ಮುಚ್ಚಳ ಬಿಗಿಯಬೇಕು. ಕೋಣೆಯ ಕಾವಿನಲ್ಲಿ 16ರಿಂದ 24 ಗಂಟೆ. ಹೊರಬಂದ ಸಯನೈಡಿಗೆ ತಕ್ಕಂತೆ ಕಾಗದ ಹಳದಿಯಿಂದ ಕಂದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯೊಡನೆ ಹೋಲಿಸಿ ಪಿಪಿಎಂ ಓದಬಹುದು. ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಕಾಗದವನ್ನು 5 ಎಂ.ಎಲ್. ನೀರಿನಲ್ಲಿ ಅರ್ಧ ಗಂಟೆ ನೆನೆಸಿ 510 ನ್ಯಾನೋಮೀಟರಿನಲ್ಲಿ ಓದಿ; ಬಂದ ಅಂಕಿಯನ್ನು 396ರಿಂದ ಗುಣಿಸಿದರೆ ಹಿಟ್ಟಿನ ಒಟ್ಟು ಸಯನೈಡ್ ಪಿಪಿಎಂನಲ್ಲಿ ಸಿಗುತ್ತದೆ.

ಪ್ರತಿ ಸಲವೂ ಹಿಟ್ಟಿಲ್ಲದ ಒಂದು ಬಾಟಲಿ, ಗೊತ್ತಿರುವ ಪ್ರಮಾಣದ ಲಿನಮರಿನ್ ಇರುವ ಒಂದು ಬಾಟಲಿ ಜೊತೆಗಿಡಿ. ಮೊದಲನೆಯದು ಹಳದಿಯಾಗಿಯೇ ಉಳಿಯಬೇಕು, ಎರಡನೆಯದು ನಿಗದಿತ ಬಣ್ಣಕ್ಕೆ ಬರಬೇಕು. ಎರಡನೆಯದು ಬಾರದಿದ್ದರೆ ಕಿಣ್ವ ಕೆಟ್ಟಿದೆ ಅಥವಾ ಮುಚ್ಚಳ ಸೋರುತ್ತಿದೆ. ಆ ದಿನದ ಫಲಿತಾಂಶವನ್ನು ಎಸೆದು ಮತ್ತೆ ಮಾಡಿ. ಪಿಕ್ರೇಟ್ ಕಾಗದವನ್ನು ತಂಪಿನಲ್ಲಿ, ಬೆಳಕು ತಾಗದಂತೆ ಇಡಬೇಕು. ಈ ಕಾಗದವನ್ನು ಮನೆಯಲ್ಲಿ ತಯಾರಿಸಲು ಹೋಗಬೇಡಿ: ಒಣಗಿದ ಪಿಕ್ರಿಕ್ ಆಮ್ಲ ಸಿಡಿಮದ್ದು. ಅದು ತರಬೇತಿ ಪಡೆದ ಪ್ರಯೋಗಾಲಯದ ಕೆಲಸ.

ಮಾದರಿ ತೆಗೆಯುವುದರಲ್ಲಿ ಆಗುವ ತಪ್ಪು ಬಾಟಲಿಯಲ್ಲಿ ಆಗುವುದಕ್ಕಿಂತ ದೊಡ್ಡದು. ಒಂದೇ ಹೊಲದ ಎರಡು ಗೆಡ್ಡೆಗಳಲ್ಲೇ ಸಯನೈಡ್ ಬೇರೆ ಬೇರೆ. ಚೀಲದ ಮೇಲೆ, ನಡು, ತಳ ಮೂರೂ ಕಡೆಯಿಂದ ಹಿಟ್ಟು ತೆಗೆದು ಬೆರೆಸಿ, ಅದರಿಂದ 100 ಮಿಲಿಗ್ರಾಂ ತೂಗಿ. ಇಟ್ಟಷ್ಟು ದಿನವೂ ಹಿಟ್ಟಿನ ಸಯನೈಡ್ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಮಾದರಿಯನ್ನು ಗಾಳಿಯಾಡದಂತೆ ಕಟ್ಟಿ ತಂಪಿನಲ್ಲಿಟ್ಟು ಬೇಗ ಪರೀಕ್ಷಿಸಿ.

ಮನೆಯವರು ನಿಜಕ್ಕೂ ಏನು ತಿನ್ನುತ್ತಿದ್ದಾರೆ ಎಂಬುದನ್ನು ಮೂತ್ರ ಹೇಳುತ್ತದೆ. ಶಾಲಾ ಮಕ್ಕಳ ಮೂತ್ರದಲ್ಲಿ ಥಯೋಸಯನೇಟ್ ಲೀಟರಿಗೆ 350 ಮೈಕ್ರೋಮೋಲ್ ಮೀರಿದರೆ ಅದನ್ನು ಹೆಚ್ಚು ಎಂದು ಎಣಿಸುತ್ತಾರೆ. ಹಳ್ಳಿಯ ಮಕ್ಕಳಲ್ಲಿ ಈ ಗೆರೆ ದಾಟಿದವರ ಪಾಲು ಹೆಚ್ಚಿದಂತೆ ಕೊಂಜೋ ಪ್ರಮಾಣವೂ ಹೆಚ್ಚುತ್ತದೆ ಎಂಬುದನ್ನು ಬನೇಯಾ ತಂಡ ತೋರಿಸಿದೆ. ಹಿಟ್ಟಿನ ಅಂಕಿ ಚೆನ್ನಾಗಿದ್ದು ಮೂತ್ರದ ಅಂಕಿ ಇಳಿಯದಿದ್ದರೆ, ಪರೀಕ್ಷೆಗೆ ಕೊಟ್ಟ ಹಿಟ್ಟೇ ಬೇರೆ, ತಿನ್ನುವ ಹಿಟ್ಟೇ ಬೇರೆ ಆಗಿರಬಹುದು, ಅಥವಾ ಮಕ್ಕಳು ಹಸಿ ಗೆಡ್ಡೆ ಕಡಿಯುತ್ತಿರಬಹುದು.

ಹಳ್ಳಿಯಲ್ಲಿ ನಡೆಸುವಾಗ

2010 ಮತ್ತು 2011ರಲ್ಲಿ ಕಾಂಗೋದ ಪೊಪೊಕಬಾಕಾ ಆರೋಗ್ಯ ವಲಯದ ಕೇ ಕಲೆಂಡಾ ಎಂಬ ಹಳ್ಳಿಯಲ್ಲಿ ಈ ವಿಧಾನದಿಂದ ಕೊಂಜೋವನ್ನು ಮೊದಲ ಬಾರಿಗೆ ತಡೆಯಲಾಯಿತು. ಆ ಹಳ್ಳಿಯಲ್ಲಿ ಆಗಲೇ 34 ಜನ ರೋಗಿಗಳಿದ್ದರು. ಕಾರ್ಯಕ್ರಮ ನಡೆದ ಅವಧಿಯಲ್ಲಿ ಹೊಸಬರು ಯಾರೂ ಸೇರಲಿಲ್ಲ.

ಅಲ್ಲಿನ ಕ್ರಮವನ್ನು ಬೇರೆಡೆಯೂ ಅನುಸರಿಸಬಹುದು. ಮೊದಲು ಹಳ್ಳಿಯ ಮುಖ್ಯಸ್ಥರ ಒಪ್ಪಿಗೆ, ಆಮೇಲೆ ಹೆಂಗಸರ ಗುಂಪುಗಳಲ್ಲಿ ಕೆಲವರಿಗೆ ತರಬೇತಿ, ಅವರಿಂದ ಮಿಕ್ಕವರಿಗೆ. ಮನೆಗೊಂದು ಬೇಸಿನ್, ಒಂದು ಚಾಪೆ, ಒಂದು ಚಾಕು, ಸ್ಥಳೀಯ ಭಾಷೆಯಲ್ಲಿ ಚಿತ್ರವಿರುವ ಒಂದು ಪೋಸ್ಟರ್. ಶುರು ಮಾಡುವ ಮುನ್ನವೇ ಹಿಟ್ಟು ಮತ್ತು ಮೂತ್ರದ ಅಂಕಿ ತೆಗೆದಿಡಬೇಕು, ಇಲ್ಲದಿದ್ದರೆ ಆಮೇಲೆ ಏನು ಇಳಿಯಿತು ಎಂದು ಹೇಳಲು ಆಧಾರವಿರುವುದಿಲ್ಲ. ಮನೆಭೇಟಿಯನ್ನು ತಿಂಗಳ ಲೆಕ್ಕದಲ್ಲಿ ಮುಂದುವರಿಸಿ. ಬಂದು ಕಲಿಸಿ ಹೋಗಿಬಿಟ್ಟರೆ ಅಭ್ಯಾಸ ಉಳಿಯುವುದಿಲ್ಲ.

ಮಾತಾಡುವಾಗ ಎಚ್ಚರವಿರಲಿ. ಇಷ್ಟು ದಿನ ಮಕ್ಕಳಿಗೆ ವಿಷ ಹಾಕಿದಿರಿ ಎಂದು ತಾಯಿಗೆ ಅನ್ನಿಸುವಂತೆ ಹೇಳಬಾರದು. ಮಗುವಿನ ಕಾಲು ಹೋದ ಮನೆಯಲ್ಲಿ ಆ ಮಾತು ಮಾಡುವ ಗಾಯ ಆರುವುದಿಲ್ಲ. ಅವರ ನೆನೆಹಾಕುವ ಪದ್ಧತಿಯನ್ನು ಮೊದಲು ಮೆಚ್ಚಿ, ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸುತ್ತಿದ್ದೇವೆ ಎನ್ನಿ. ಅದು ನಿಜವೂ ಹೌದು.

ಊಟದ ಇನ್ನೊಂದು ಬದಿಯನ್ನೂ ನೋಡಿ. ಅಲಸಂದೆ, ಕಡಲೆಕಾಯಿ, ಒಣಮೀನು ಸಿಗುವಂತೆ ಮಾಡಿದಷ್ಟೂ ದೇಹಕ್ಕೆ ಗಂಧಕ ಸಿಗುತ್ತದೆ. ಅಯೋಡಿನ್ ಉಪ್ಪು ಬೇಕು: ಥಯೋಸಯನೇಟ್ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಹೋಗುವುದನ್ನು ತಡೆಯುವುದರಿಂದ ಈ ಹಳ್ಳಿಗಳಲ್ಲಿ ಗಳಗಂಡದ ಅಪಾಯವೂ ಇದೆ. ಇನ್ನು ಕಾಲು ಸೆಟೆಯದ ಮಕ್ಕಳು ಪಾರಾದರು ಎಂದುಕೊಳ್ಳುವಂತಿಲ್ಲ. ಮೈಕೆಲ್ ಬೋಯಿವಿನ್ ಮತ್ತು ಡೆಸಿರೆ ಶಾಲಾ-ಕಟುಂಬಾಯ್ ತಂಡ ಕಾಂಗೋದಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಂಜೋ ಇರುವ ಮನೆಗಳ ಆರೋಗ್ಯವಂತ ಮಕ್ಕಳಲ್ಲೂ ನೆನಪು, ಕಲಿಕೆ, ಕೈಚಳಕದ ಪರೀಕ್ಷೆಗಳಲ್ಲಿ ಕೊರತೆ ಕಂಡಿತು. ರೋಗಿಯ ಲೆಕ್ಕ ಸೊನ್ನೆಯಾದರೂ ವಿಧಾನ ನಿಲ್ಲಿಸಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ನಮ್ಮ ಅಡುಗೆಮನೆಯ ಮರಗೆಣಸು

ಕೊಂಜೋ ವರದಿಯಾಗಿರುವುದೆಲ್ಲ ಆಫ್ರಿಕಾದಿಂದ. ನಮ್ಮಲ್ಲಿ ಬೇಯಿಸಿ ತಿನ್ನುವುದು ಬಹುಮಟ್ಟಿಗೆ ಸಿಹಿ ತಳಿ, ಅದೂ ಅನ್ನ, ಮೀನು, ಬೇಳೆಯ ಜೊತೆ ಅಪರೂಪಕ್ಕೆ. ಆದರೂ ಅದೇ ರಸಾಯನವೇ ಇಲ್ಲೂ ನಡೆಯುವುದರಿಂದ ಬೇಯಿಸುವ ಕ್ರಮ ಸರಿಯಿರಲಿ.

ಎರಡೂ ಸಿಪ್ಪೆ ತೆಗೆಯಿರಿ. ಹೋಳು ಸಣ್ಣದಾಗಿ ಹೆಚ್ಚಿ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಅಧ್ಯಯನದಲ್ಲಿ, ಬೇಯಿಸಿದಾಗ 50 ಗ್ರಾಂ ತೂಕದ ಹೋಳುಗಳಲ್ಲಿ ಸಯನೈಡಿನ ಮುಕ್ಕಾಲು ಭಾಗ ಉಳಿದರೆ 2 ಗ್ರಾಂ ಹೋಳುಗಳಲ್ಲಿ ಉಳಿದದ್ದು ಕಾಲು ಭಾಗ. ತಣ್ಣೀರನ್ನು ಧಾರಾಳವಾಗಿ ಹಾಕಿ, ಮುಚ್ಚಳ ತೆರೆದು ಬೇಯಿಸಿ, ಆ ನೀರನ್ನು ಚೆಲ್ಲಿ. ಕುಕ್ಕರಿನಲ್ಲಿ ಸ್ವಲ್ಪವೇ ನೀರಿಟ್ಟು ಕೂಗಿಸಿ ಆ ರಸವನ್ನೂ ಬಳಸುವುದು ಒಳ್ಳೆಯದಲ್ಲ. ಬೆಂದ ಮೇಲೂ ಕಹಿಯಿದ್ದರೆ ಎಸೆಯಿರಿ. ಹಸಿಯಾಗಿ ಮಕ್ಕಳ ಕೈಗೆ ಕೊಡಬೇಡಿ. ಕಿತ್ತು ಎರಡು ಮೂರು ದಿನವಾದ ಗೆಡ್ಡೆಯೊಳಗೆ ಕಾಣುವ ನೀಲಿಗಪ್ಪು ಗೆರೆಗಳು ಗೆಡ್ಡೆ ಹಳತಾದ ಗುರುತು, ಸಯನೈಡಿನದಲ್ಲ.

ಹೋಳು ಒಣಗಿಸುವವರಿಗೆ ಮಾತ್ರ ತಿರುಗುಮುರುಗು ನಿಯಮ: ತೀರಾ ತೆಳುವಾದ ಬಿಲ್ಲೆ ಬೇಗ ಒಣಗಿ ಕಿಣ್ವ ಬೇಗ ನಿಲ್ಲುತ್ತದೆ, ವಿಷ ಹೆಚ್ಚು ಉಳಿಯುತ್ತದೆ. ಸ್ವಲ್ಪ ದಪ್ಪ ಹೋಳು ಬಿಸಿಲಿನಲ್ಲಿ ನಿಧಾನ ಒಣಗುವುದೇ ಮೇಲು. ಸಬ್ಬಕ್ಕಿಯ ಬಗ್ಗೆ ಭಯ ಬೇಡ. ಗೆಡ್ಡೆ ಅರೆದು ನೀರಿನಲ್ಲಿ ತೊಳೆದು ಪಿಷ್ಟ ತೆಗೆಯುವಾಗ ಸಯನೈಡ್ ಹೋಗಿರುತ್ತದೆ. ದನ, ಆಡು ಹಸಿ ಎಲೆ ಅಥವಾ ಸಿಪ್ಪೆ ಮೇಯ್ದು ಏದುಸಿರು ಬಿಡುತ್ತ ತೂರಾಡಿದರೆ ಪಶುವೈದ್ಯರನ್ನು ಆ ಕ್ಷಣವೇ ಕರೆಸಿ, ಮೇಯ್ದದ್ದು ಮರಗೆಣಸು ಎಂದು ಮೊದಲೇ ತಿಳಿಸಿ.

ರೋಗಿ ಸಿಕ್ಕಾಗ

1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲಕ್ಷಣಗಳು ಮೂರು. ನಡೆಯುವಾಗ ಅಥವಾ ಓಡುವಾಗ ಎರಡೂ ಕಾಲಿನಲ್ಲಿ ಸಮನಾಗಿ ಕಾಣುವ ಸೆಟೆತ. ಮೊದಲು ಆರೋಗ್ಯವಾಗಿದ್ದವರಲ್ಲಿ ಒಂದು ವಾರದೊಳಗೆ ಶುರುವಾಗಿ ಆಮೇಲೆ ಹೆಚ್ಚದೆ ನಿಂತಿರುವುದು. ಬೆನ್ನುಮೂಳೆಯ ಕಾಯಿಲೆಯ ಸುಳಿವಿಲ್ಲದೆ ಎರಡೂ ಮೊಣಕಾಲು ಅಥವಾ ಹರಡಿನ ಪ್ರತಿವರ್ತನೆ ಜೋರಾಗಿರುವುದು. ಸೌಮ್ಯವಾದ ರೋಗ ನಡಿಗೆಯಲ್ಲಿ ಕಾಣುವುದಿಲ್ಲ, ಮಗುವನ್ನು ಓಡಿಸಿ ನೋಡಿ. ಹಿಮ್ಮಡಿ ನೆಲ ಮುಟ್ಟದೆ ತುದಿಗಾಲಿನಲ್ಲಿ ಓಡುತ್ತದೆ. ಪೋಲಿಯೋದಲ್ಲಿ ಕಾಲು ಸಡಿಲವಾಗಿ ಸಣಕಲಾಗುತ್ತದೆ, ಸಾಮಾನ್ಯವಾಗಿ ಒಂದು ಕಡೆ ಹೆಚ್ಚು. ಇಲ್ಲಿ ಎರಡೂ ಕಡೆ ಬಿಗಿತ. ಮೊಲೆಹಾಲು ಕುಡಿಯುವ ಕೂಸುಗಳಲ್ಲಿ ಕೊಂಜೋ ಕಾಣುವುದಿಲ್ಲ, ಮೂರು ವರ್ಷ ದಾಟಿದ ಮಕ್ಕಳು ಮತ್ತು ಹೆರುವ ವಯಸ್ಸಿನ ಹೆಂಗಸರಲ್ಲೇ ಹೆಚ್ಚು.

ಆಸರೆಯಿಲ್ಲದೆ ನಡೆಯುವವರನ್ನು ಸೌಮ್ಯ, ಒಂದೋ ಎರಡೋ ಕೋಲು ಬೇಕಾದವರನ್ನು ಮಧ್ಯಮ, ನಡೆಯಲಾಗದವರನ್ನು ತೀವ್ರ ಎಂದು ಗುರುತಿಸಿ ಬರೆದುಕೊಳ್ಳಿ. ತೀವ್ರವಾದವರಲ್ಲಿ ಮಾತು, ದೃಷ್ಟಿ, ಕೈಗಳಿಗೂ ತೊಂದರೆ ಇರಬಹುದು. ಅಂಗಮರ್ದನ, ಹಿಮ್ಮಡಿಯ ಸ್ನಾಯುರಜ್ಜು ಎಳೆಯುವ ದಿನನಿತ್ಯದ ವ್ಯಾಯಾಮ, ಅಳತೆಗೆ ತಕ್ಕ ಕೋಲು, ಕೆಲವರಿಗೆ ರಜ್ಜು ಉದ್ದ ಮಾಡುವ ಶಸ್ತ್ರಕ್ರಿಯೆ: ಇವು ನಡಿಗೆಯನ್ನು ಸುಧಾರಿಸುತ್ತವೆ. ಎರಡನೆಯ ಸಲ ದಾಳಿಯಾಗಿ ಸ್ಥಿತಿ ಹದಗೆಡುವುದೂ ಉಂಟು. ಹಾಗಾಗಿ ರೋಗಿ ಸಿಕ್ಕ ದಿನವೇ ಆ ಮನೆಯ ಹಿಟ್ಟಿನ ಮಾದರಿ ತೆಗೆಯಿರಿ, ಅಣ್ಣತಮ್ಮ ಅಕ್ಕತಂಗಿಯರನ್ನೆಲ್ಲ ಓಡಿಸಿ ನೋಡಿ, ತಾಯಿಯ ಮೊಣಕಾಲಿನ ಪ್ರತಿವರ್ತನೆಯನ್ನೂ ಪರೀಕ್ಷಿಸಿ, ಅಂದಿನ ರಾತ್ರಿಯ ಅಡುಗೆಗೆ ಹಿಟ್ಟನ್ನು ಅಲ್ಲೇ ಅವರ ಜೊತೆ ಕೂತು ಕಲಸಿ ಹರಡಿ.